ಸೀಟಿ ಹೊಡಿಲಾರದ ಕುಕ್ಕರ್ ಮತ್ತ ಹನ್ನೆರಡೂವರಿ ಯೂರೊ

"ಇದು ಸೀಟಿ ಯಾವಾಗ ಹೊಡಿತೈತಿ ಬೇ?" ಅಂತ ನಮ್ಮ ಅತ್ತಿಯವರು ಒಲಿ ಮುಂದ ನಿಂತು ಮೂರನೇ ಸರ್ತಿ ಕೇಳಿದ್ರು.

"ಇದು ಸೀಟಿ ಹೊಡ್ಯಂಗಿಲ್ಲರಿ ಅತ್ತಿ. ಮ್ಯಾಲೆ ಒಂದ ಕಡ್ಡಿ ಏಳತೈತಿ. ಅದನ್ನ ನೋಡಿ ಉರಿ ಸಣ್ಣ ಮಾಡಬೇಕು."

"ಸೀಟಿ ಹೊಡಿಲಾರದ ಕುಕ್ಕರಿಗೆ ಹದಿನಾರ ಸಾವಿರ ಕೊಟ್ಟಿ ಏನು?"

ಅಲ್ಲೇ ಪಡಸಾಲ್ಯಾಗ ಪೇಪರ್ ಓದಕೋತ ಕುಂತಿದ್ದ ನಮ್ಮ ಮನಿಯವರು ತಲಿ ಎತ್ತಲಾರದ "ಹದಿನಾರ ಸಾವಿರ ಅಲ್ಲವ್ವಾ, ಅದರಾಗ ಎರಡ ಸಾವಿರ ವಾಪಸ್ ಬರತಿತ್ತು. ನಿನ್ನ ಸೊಸಿ ಬ್ಯಾಡ ಅಂದ ಬಂದಾಳ" ಅಂದ್ರು.

ಆ ಎರಡ ಸಾವಿರದ್ದ ಕಥಿ ನಮ್ಮ ಮನ್ಯಾಗ ಇನ್ನೂ ಮುಗದಿಲ್ಲ. ಊರಾಗ ಯಾರ ಮಕ್ಕಳು ಪರದೇಶದಾಗ ಅದಾರೋ, ಯಾರು ಬಾಣಂತನಕ್ಕ ಹೊಂಟಾರೋ, ಅವರಿಗರ ಉಪಯೋಗ ಆಗಲಿ ಅಂತ ಬರ್ಯಾಕತ್ತೇನಿ.

2024ನೇ ಇಸವಿ ಜುಲೈದಾಗ ನಾವಿಬ್ಬರೂ ಜರ್ಮನಿಗೆ ಹೋದ್ವಿ. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕಂತ ನನಗ ಆಸೆ ಇತ್ತು, ಆದ್ರ ಮಗಳಿಗೆ ನೌಕರಿ ಬಿಟ್ಟ ಬರಾಕ ಆಗಲಿಲ್ಲ. ಅಂದಮ್ಯಾಲೆ ತವರಮನಿನ ಫ್ರಾಂಕ್‌ಫರ್ಟಿಗೆ ಹೋಗಬೇಕಾತು. ನಾವು ಹೊಂಟದ್ದು ಜುಲೈ 21ಕ್ಕ. ಅವತ್ತ ಮುಂಜಾನೆ ನಮ್ಮ ಮಾವಾರು ವರ್ಷದಂಗ ನವಲಗುಂದಕ್ಕ ಹೋಗಿ, ರೈತ ಹುತಾತ್ಮರ ವೀರಗಲ್ಲಿಗೆ ಮಾಲಿ ಹಾಕಿ ಬಂದ ಮ್ಯಾಲೇನ ನಮ್ಮನ್ನ ಕಳಸಿದ್ರು. ಈ ಮಾತು ಯಾಕ ಹೇಳಿದೆ ಅಂದ್ರ ಮುಂದ ಬೇಕಾಗತೈತಿ.

ಬ್ಯಾಗಿನಾಗ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಕೆಂಪಖಾರ, ಅಜವಾನ ಎಲ್ಲಾ ತುಂಬಿದೆ. ತುಪ್ಪ, ಪೇಡೆ ಮಾತ್ರ ಮಗಳು ಬ್ಯಾಡ ಅಂದ್ಲು. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯುರೋಪಿಗೆ ಒಯ್ಯಾಕ ಬಿಡಂಗಿಲ್ಲ. ಧಾರವಾಡದ ಜಿಲ್ಲಾದಿಂದ ಪೇಡೆ ಇಲ್ಲದ ಬೀಗರ ಮನಿಗೆ ಹೋದ ಮೊದಲನೇ ಮಂದಿ ನಾವ ಇರಬೇಕು.

ಕೂಸು ಹುಟ್ಟಿತು, ಎಣ್ಣಿ-ನೀರು, ಕಾಯಿಕಷಾಯ ಎಲ್ಲಾ ಆತು. ಎರಡ ತಿಂಗಳ ಆದ ಮ್ಯಾಲೆ ಮಗಳು ನನ್ನ ಪ್ಯಾಟಿಗೆ ಕರಕೊಂಡ ಹೋದ್ಲು. ಅಲ್ಲೊಂದು ಪಾತ್ರೆ ಅಂಗಡಿ. ಅಲ್ಲಿ ಆ ಕುಕ್ಕರ್ ನೋಡಿದೆ. ದಪ್ಪ ತಳ, ಕನ್ನಡಿಯಂಗ ಹೊಳಿಯೂ ಸ್ಟೀಲು. 178 ಯೂರೊ 50 ಸೆಂಟ್. ನಾನು ಮೂರ ವರ್ಷ ಜಂಪರ್ ಹೊಲದು ಕೂಡಿಸಿದ ರೊಕ್ಕ ಯೂರೊ ಮಾಡಿಸಿ ಒಯ್ದಿದ್ದೆ. ಮಗಳು ಕಾರ್ಡ ತಗ್ಯಾಕ ಹೋದ್ಲು. "ಬ್ಯಾಡವಾ, ಇದು ನಂದು" ಅಂದೆ. ಲಗ್ನ ಆಗಿ ಮೂವತ್ತ ವರ್ಷಾತು. ಇಷ್ಟ ರೊಕ್ಕ ಕೊಟ್ಟ ಒಂದ ಸಾಮಾನು ನಾನಾಗೆ ತಗೊಂಡದ್ದು ಅದ ಮೊದಲು.

ಕೌಂಟರಿನಾಗ ಮಗಳು ಏನೋ ಜರ್ಮನ್ ಮಾತಾಡಿ, "ಅವ್ವಾ, ನಿನ್ನ ಪಾಸ್‌ಪೋರ್ಟ್ ಕೊಡು" ಅಂದ್ಲು. ಕುಕ್ಕರ್ ತಗೊಳ್ಳಾಕ ಪಾಸ್‌ಪೋರ್ಟ್ ಯಾಕ ಅಂತ ನನಗ ಅಂಜಿಕಿ. ಆಗ ಆಕಿ ಬಿಡಿಸಿ ಹೇಳಿದ್ಲು.

ಅಲ್ಲಿ ಸಾಮಾನಿನ ಮ್ಯಾಲೆ 19 ಪರ್ಸೆಂಟ್ ತೆರಿಗಿ ಇರತೈತಿ. ನಮ್ಮ ಜಿಎಸ್‌ಟಿ ಇದ್ದಂಗ, ಅವರು ವ್ಯಾಟ್ ಅಂತಾರ. ತಿನ್ನೂ ಪದಾರ್ಥ, ಪುಸ್ತಕಕ್ಕ 7. ನಮ್ಮಲ್ಲಿ ಬಿಲ್ಲಿನ ಕೆಳಗ ಜಿಎಸ್‌ಟಿ ಬ್ಯಾರೆ ಕೂಡಿಸೂದು ಭಾಳ ಕಡೆ ಐತಿ, ಅಲ್ಲಿ ಚೀಟಿ ಮ್ಯಾಲಿನ ರೇಟಿನಾಗ ತೆರಿಗಿ ಮೊದಲ ಸೇರಿರತೈತಿ. ಅಂದ್ರ 150 ಯೂರೊದ ಕುಕ್ಕರಿಗೆ 28 ಯೂರೊ 50 ಸೆಂಟ್ ತೆರಿಗಿ ಸೇರಿ 178 ಯೂರೊ 50 ಸೆಂಟ್. ಯುರೋಪ ಒಕ್ಕೂಟದ ಹೊರಗಿನ ಮಂದಿ ಸಾಮಾನ ತಗೊಂಡು, ತಗೊಂಡ ತಿಂಗಳ ಮುಗದ ಮ್ಯಾಲೆ ಮೂರ ತಿಂಗಳದಾಗ ತಮ್ಮ ಸಂಗಾಟ ಹೊರಗ ಒಯ್ದ್ರ, ಆ ತೆರಿಗಿ ವಾಪಸ್ ಕೇಳಬಹುದು. ಜರ್ಮನಿಯೊಳಗ ಬಿಲ್ಲು 50 ಯೂರೊ ದಾಟಿರಬೇಕು. ಅಂಗಡಿಯವರು ಪಾಸ್‌ಪೋರ್ಟ್ ನಂಬರ್ ಹಾಕಿ ಒಂದ ಫಾರ್ಮ್ ಕೊಡ್ತಾರ. ಎಲ್ಲಾ ಅಂಗಡಿಯವರೂ ಕೊಡಂಗಿಲ್ಲ, ರೊಕ್ಕ ಕೊಡೂ ಮೊದಲ ಕೇಳಬೇಕು.

"ಹಂಗಾರ ಮೊನ್ನೆ ಕೂಸಿನ ಗಾಡಿ ತಗೊಂಡ್ರೆಲ್ಲ, ಅದರದ್ದೂ ಕೇಳೂನಲ್ಲ?" ಅಂದೆ.

"ನಾವು ಇಲ್ಲೇ ಇರೂ ಮಂದಿ ಅವ್ವಾ, ನಮಗ ಬರಂಗಿಲ್ಲ. ಗಾಡಿ ಇಲ್ಲೇ ಉರುಳತೈತಿ. ನಿನ್ನ ಕುಕ್ಕರ್ ಮೊರಬಕ್ಕ ಹೋಗತೈತಿ, ಅದಕ್ಕ ಬರತೈತಿ."

ಇದ ನೋಡ್ರಿ ಇದರ ಒಳಗಿನ ತಿರುಳು. ಈ ತೆರಿಗಿ ಸಾಮಾನ ಮಾಡಿದವರ ಮ್ಯಾಲಲ್ಲ, ಬಳಸೋರ ಮ್ಯಾಲೆ. ಬಳಕಿ ಯಾವ ದೇಶದಾಗೋ ತೆರಿಗಿನೂ ಆ ದೇಶದ್ದು. ನಮ್ಮ ಬ್ಯಾಡಗಿ ಮೆಣಸಿನಕಾಯಿ ಪರದೇಶಕ್ಕ ಕಳಸೂ ವ್ಯಾಪಾರಿಗಳಿಗೆ ಸರಕಾರ ಜಿಎಸ್‌ಟಿ ತಿರುಗಿ ಕೊಡೂದೂ ಇದ ಲೆಕ್ಕದಿಂದ. ನಾನು ಆವತ್ತ ನನ್ನ ಬ್ಯಾಗಿನಾಗ ಒಂದ ಕುಕ್ಕರ್ ಕಳಸೂ ಸಣ್ಣ ವ್ಯಾಪಾರಿ ಆಗಿದ್ದೆ ಅನ್ನರಿ.

ಇನ್ನೊಂದ ಅಂಗಡ್ಯಾಗ ಮಾವಾರಿಗೆ ಮೆತ್ತನ್ನ ಬೂಟು, ಅತ್ತಿಗೆ ಉಣ್ಣಿ ಶಾಲು ತಗೊಂಡ್ವಿ. ಎರಡೂ ಕೂಡಿ ಒಂದ ಬಿಲ್ಲು, 119 ಯೂರೊ. ಅದಕ್ಕೂ ಫಾರ್ಮ್ ಆತು.

ಇಲ್ಲೀತನಕ ಎಲ್ಲಾ ಸರಳ ಇತ್ತು. ತಪ್ಪಾಗಿದ್ದು ನಾವು ಹೊಂಡೂ ನಾಕ ದಿನ ಮೊದಲು. ಸುತ್ತಮುತ್ತಲಿನ ಕನ್ನಡದ ಮಂದಿ ಏಳೆಂಟ ಮನಿಯವರು ಕೂಸು ನೋಡಾಕ ಬರೋರಿದ್ರು. ಆವತ್ತ ಮುಂಜಾನೆನ ಮಗಳ ಕುಕ್ಕರಿನ ರಬ್ಬರ್ ಹರದು ಕೈ ಕೊಟ್ಟಿತು. ಇಪ್ಪತ್ತ ಮಂದಿಗೆ ಬ್ಯಾಳಿ ಬೇಯಬೇಕು. ನಾನು ಸುಮ್ಮನ ನನ್ನ ಹೊಸಾ ಕುಕ್ಕರ್ ಡಬ್ಬಿ ಬಿಚ್ಚಿದೆ. ತೊಗರಿಬ್ಯಾಳಿ, ಅರಿಶಿಣ, ಒಂದೀಟ ಎಣ್ಣಿ. ಬ್ಯಾಳಿ ಬೆಣ್ಣಿಯಂಗ ಬೆಂದಿತು. ಆಮ್ಯಾಲೆ ತೊಳದು, ಒರಸಿ, ಮೊದಲಿನಂಗ ಡಬ್ಬಿಗೆ ಇಟ್ಟೆ. ಯಾರಿಗೂ ಹೇಳಲಿಲ್ಲ, ಹೇಳೂವಂಥಾದ್ದು ಅಂತ ಅನಿಸಲೂ ಇಲ್ಲ.

ಅಕ್ಟೋಬರದಾಗ ದಸರಾ. ಬನ್ನಿ ಮುಡಿಯೂ ಹೊತ್ತಿಗೆ ಊರಾಗ ಇರಬೇಕಂತ ಮೂರ ದಿನ ಮೊದಲ ಹೊಂಟ್ವಿ. ವಿಮಾನ ನಿಲ್ದಾಣದ ಕ್ರಮ ಹಿಂಗೈತಿ: ಬ್ಯಾಗ್ ತೂಕಕ್ಕ ಇಡೂ ಕೌಂಟರಿನಾಗ "ಇದರಾಗ ಟ್ಯಾಕ್ಸ್ ಫ್ರೀ ಸಾಮಾನ ಐತಿ" ಅಂತ ಹೇಳಬೇಕು. ಅವರು ಬ್ಯಾಗಿಗೆ ಚೀಟಿ ಹಚ್ಚಿ ವಾಪಸ್ ನಮ್ಮ ಕೈಯಾಗ ಕೊಡ್ತಾರ. ಅದನ್ನ ತಗೊಂಡು ಕಸ್ಟಮ್ಸ್‌ಗೆ ಹೋಗಬೇಕು, ಜರ್ಮನ್ನಿನಾಗ ತ್ಸೋಲ್ ಅಂತ ಬೋರ್ಡ್ ಇರತೈತಿ. ಅಲ್ಲಿ ಪಾಸ್‌ಪೋರ್ಟ್, ಟಿಕೆಟ್, ಬಿಲ್ಲು, ಫಾರ್ಮ್, ಕೇಳಿದ್ರ ಸಾಮಾನೂ ತೋರಿಸಬೇಕು. ಶಿಕ್ಕಾ ಹೊಡದ ಮ್ಯಾಲೆ ಬ್ಯಾಗ್ ಅವರ ಒಳಗ ಕಳಸ್ತಾರ. ಆಮ್ಯಾಲೆ ರೊಕ್ಕ ಕೊಡೂ ಕೌಂಟರ್. ಇದು ತಿಳೀಲಾರದ ಬ್ಯಾಗ್ ಮೊದಲ ಬಿಟ್ಟ ಬಿಟ್ರ ತೋರಿಸಾಕ ಸಾಮಾನ ಇರಂಗಿಲ್ಲ, ಶಿಕ್ಕಾನೂ ಬೀಳಂಗಿಲ್ಲ. ಅದಕ್ಕ ಎರಡ ತಾಸು ಜಾಸ್ತಿ ಇಟಕೊಂಡ ಹೋಗಬೇಕು.

ಅಳಿಯಂದ್ರು ನಮ್ಮ ಜೋಡಿ ಕ್ಯೂದಾಗ ನಿಂತಿದ್ರು. ನಮ್ಮ ಪಾಳಿ ಬಂತು. ಕಸ್ಟಮ್ಸಿನ ಹೆಣ್ಣಮಗಳು ಬೂಟು, ಶಾಲು ನೋಡಿ ಒಂದ ಫಾರ್ಮಿಗೆ ಟಪ್ ಅಂತ ಶಿಕ್ಕಾ ಹೊಡದ್ಲು. ಆಮ್ಯಾಲೆ ಕುಕ್ಕರ್ ಡಬ್ಬಿ ತಗಿ ಅಂದ್ಲು. ಮುಚ್ಚಳ ಎತ್ತಿದ್ಲು. ಎರಡ ದಿನ ಮುಚ್ಚಿ ಇಟ್ಟಿದ್ದಕ್ಕ ಅರಿಶಿಣದ ವಾಸನಿ ಮೆಲ್ಲಕ ಹೊರಗ ಬಂತು. ರಬ್ಬರಿನ ಸಂದ್ಯಾಗ ಹಳದಿ ಗೆರಿ.

"ಹೊಸಾದ? ಬಳಸಿಲ್ಲ?" ಅಂತ ಇಂಗ್ಲೀಷಿನಾಗ ಕೇಳಿದ್ಲು.

ನಮ್ಮ ಮನಿಯವರು "ಯೆಸ್ ಯೆಸ್, ನ್ಯೂ" ಅಂದ್ರು. ಅವರಿಗೆ ಬ್ಯಾಳಿ ಬೇಯಿಸಿದ್ದು ಗೊತ್ತಿರಲಿಲ್ಲ, ಅವರದ್ದೇನೂ ತಪ್ಪಿಲ್ಲ. ಅಳಿಯಂದ್ರು ನನ್ನ ಮಾರಿ ನೋಡಿದ್ರು. ಅವರಿಗೆ ಗೊತ್ತಿತ್ತು, ಎರಡ ಸೌಟ ಜಾಸ್ತಿ ಸಾರ ಹಾಕಸಕೊಂಡವರು ಅವರ.

ಖರೇ ಹೇಳತೇನಿ, ಆ ಹೊತ್ತಿನಾಗ ನನಗ ಧರ್ಮ-ಕರ್ಮ ಏನೂ ನೆನಪಾಗಲಿಲ್ಲ. ಮೊದಲ ಬಂದದ್ದು ಅಂಜಿಕಿ. ನಾನು ಸುಳ್ಳ ಹೇಳಿ ಸಿಕ್ಕಬಿದ್ರ, ಇಲ್ಲೇ ಇರಬೇಕಾದ ಮಗಳು-ಅಳಿಯಂದ್ರ ಕಾಗದಪತ್ರಕ್ಕ ಏನರ ತೊಡಕಾದೀತು ಅನಿಸಿತು. ಆಮ್ಯಾಲೆ ನಾಚಿಕಿ. ಮೂರ ವರ್ಷ ಜಂಪರ್ ಹೊಲದು ತಗೊಂಡ ನನ್ನ ಸ್ವಂತ ಕುಕ್ಕರಿನ ಮುಂದ ನಿಂತು ಸುಳ್ಳ ಹೇಳೂದಕ್ಕ ಬಾಯಿ ಬರಲಿಲ್ಲ.

"ಒನ್ ಟೈಮ್. ಕುಕ್ಕಿಂಗ್. ದಾಲ್" ಅಂದೆ.

ಆಕಿ ನಕ್ಕಳು. ಬೈಲಿಲ್ಲ, ಏನೂ ಇಲ್ಲ. ಆ ಫಾರ್ಮ್ ಮಾತ್ರ ಶಿಕ್ಕಾ ಇಲ್ಲದ ವಾಪಸ್ ನನ್ನ ಕೈಯಾಗ ಕೊಟ್ಟಳು. ಆ ದೇಶದಾಗ ಬಳಸಿದ ಸಾಮಾನಿಗೆ ಆ ದೇಶದ ತೆರಿಗಿ ವಾಪಸ್ ಇಲ್ಲ.

119 ಯೂರೊದಾಗ ತೆರಿಗಿ 19. ಆದ್ರ ನಮ್ಮ ಕೈಗೆ ಬಂದದ್ದು ಹನ್ನೆರಡೂವರಿ. ನಡುವ ಇರೂ ಕಂಪನಿ ತನ್ನ ಖರ್ಚು ಮುರಕೊಂಡು ಕೊಡತೈತಿ, ಕೈಯಾಗ ನಗದು ಬೇಕಂದ್ರ ಇನ್ನೂ ಮುರಕೋತೈತಿ. ಹಂಗ ನೋಡಿದ್ರ ಕುಕ್ಕರಿಂದು ಇಪ್ಪತ್ತ ಯೂರೊ ಬರತಿತ್ತೇನೋ, ನಮ್ಮ ರೂಪಾಯಿದಾಗ ಎರಡ ಸಾವಿರಕ್ಕ ಸ್ವಲ್ಪ ಕಡಿಮಿ. ನಮ್ಮ ಮನಿಯವರು ಬೆಂಗಳೂರು ಬರೂತನಕ ನನ್ನ ಜೋಡಿ ಮಾತಾಡಲಿಲ್ಲ. ವಿಮಾನದಾಗ ಉಪ್ಪಿಲ್ಲದ ಅನ್ನ ಬಂದಾಗ ಮಾತ್ರ "ಚಟ್ನಿ ಐತೇನು?" ಅಂದ್ರು.

ಬೆಂಗಳೂರಿನಾಗ ಇಳದ ಮ್ಯಾಲೆ ಇನ್ನೊಂದ ಮಾತು ನೆನಪಿಡ್ರಿ. ಅಲ್ಲಿ ತೆರಿಗಿ ವಾಪಸ್ ಬಂತಂದ್ರ ಇಲ್ಲಿ ಸುಂಕ ಮಾಫಿ ಅಂತಲ್ಲ. ನಾವು ಬಂದಾಗ ಒಬ್ಬೊಬ್ಬರಿಗೆ 50,000 ರೂಪಾಯಿದ ಸಾಮಾನಿನತನಕ ಸುಂಕ ಇರಲಿಲ್ಲ. ನಮ್ಮದು ಅದರೊಳಗ ಇತ್ತು, ಸುಮ್ಮನ ಹೊರಗ ಬಂದ್ವಿ.

ಊರಿಗೆ ಬಂದ ಮರುದಿನ ಮಾವಾರ ಮುಂದ ಪಂಚಾಯ್ತಿ ಸೇರಿತು. ಅವರು ಹೊಸ ಬೂಟ ಹಾಕ್ಕೊಂಡು ಕಟ್ಟಿ ಮ್ಯಾಲೆ ಕುಂತು ಎಲ್ಲಾ ಕೇಳಿದ್ರು. ನಮ್ಮ ಮಾವಾರು 1980ರಾಗ ಮೂವತ್ತೈದರ ಹರೇದವರು. ಮಲಪ್ರಭಾ ಕಾಲುವಿ ನೀರು ಎಷ್ಟೋ ಹೊಲಕ್ಕ ಮುಟ್ಟಿರಲಿಲ್ಲ, ಆದ್ರೂ ಸರಕಾರ ನೀರಿನ ಕರ, ಜಮೀನು ಸುಧಾರಿಸೇತಿ ಅಂತ ಅಭಿವೃದ್ಧಿ ಕರ ಕೇಳಿತು. ಜುಲೈ 21ಕ್ಕ ನವಲಗುಂದ, ನರಗುಂದದಾಗ ರೈತರ ಮ್ಯಾಲೆ ಗೋಲಿಬಾರ್ ಆತು. ಆವತ್ತ ಆ ಗದ್ದಲದಾಗ ಅವರೂ ಇದ್ದರು.

"ಬಾರದ ನೀರಿಗೆ ಕರ ಕೇಳಿದ್ರು, ಕೊಡಂಗಿಲ್ಲ ಅಂದ್ವಿ" ಅಂದ್ರು. "ಆದ್ರ ತಂಗಿ ಬ್ಯಾಳಿ ಬೇಸ್ಯಾಳ, ಇಪ್ಪತ್ತ ಮಂದಿ ಉಂಡಾರ. ಉಂಡದ್ದರ ಕರ ಕೊಡಾಕ ಏನ ಸಂಕಟ ನಿನಗ?"

ನಮ್ಮ ಮನಿಯವರು ಸುಮ್ಮನ ಕೂಡೂ ಮನಶ್ಯಾ ಅಲ್ಲ. ಒಳಗ ಹೋಗಿ ಒಂದ ಬಿಲ್ಲ ತಂದ್ರು, ಕಡ್ಲಿಗೆ ಹೊಡಿಯೂ ಎಣ್ಣಿದು. "ಅಪ್ಪಾ, ಇದಕ್ಕ 18 ಪರ್ಸೆಂಟ್ ಜಿಎಸ್‌ಟಿ. ಗೊಬ್ಬರಕ್ಕ 5. ಅಂಗಡಿಯವನು ತಾ ಕೊಟ್ಟ ಜಿಎಸ್‌ಟಿ ಮುರಕೊಂಡು ಮುಂದ ತುಂಬತಾನ. ಕಡ್ಲಿ ಬೆಳದವ ಯಾವುದರಾಗ ಮುರಕೋಬೇಕು? ನಮಗ ಯಾವ ಫಾರ್ಮ್ ಐತಿ? ಯಾವ ವಿಮಾನ ನಿಲ್ದಾಣಕ್ಕ ಹೋಗಿ ಶಿಕ್ಕಾ ಹೊಡಸಬೇಕು?"

ಮಾವಾರು ಬಿಲ್ಲ ಕೈಯಾಗ ಹಿಡದು ಭಾಳ ಹೊತ್ತು ನೋಡಿದ್ರು. ಅದಕ್ಕ ಅವರ ಹತ್ತರನೂ ಉತ್ತರ ಇರಲಿಲ್ಲ. ರೈತ ಮಾರೂ ಕಾಳಿಗೆ ಜಿಎಸ್‌ಟಿ ಇಲ್ಲ, ಅದಕ್ಕ ಅವನು ಖರೀದಿಗೆ ಕೊಟ್ಟದ್ದು ವಾಪಸ್ ಬರೂ ದಾರಿನೂ ಇಲ್ಲ. ನನ್ನ ಗಂಡಂದು ಸಿಟ್ಟು ಕುಕ್ಕರಿನ ಮ್ಯಾಲಲ್ಲ ಅಂತ ನನಗ ಅವತ್ತ ತಿಳೀತು.

ಹೋಗೋರಿಗೆ ನಾಕ ಮಾತು. ಸಿಂಗಾಪುರಕ್ಕ ಹೋದ್ರ ಅಲ್ಲಿಯ ಜಿಎಸ್‌ಟಿ 2024ರಿಂದ 9 ಪರ್ಸೆಂಟ್, ಬಿಲ್ಲು ಕಡಿಮಿ ಅಂದ್ರ 100 ಡಾಲರ್ ಆಗಬೇಕು. ದುಬೈದಾಗ ವ್ಯಾಟ್ 5, ಬಿಲ್ಲು 250 ದಿರ್‌ಹಾಮ್. ಫ್ರಾನ್ಸಿನಾಗ 100 ಯೂರೊ ದಾಟಬೇಕು. ಲಂಡನ್ನಿನಾಗ ಮಗ ಇದ್ದವರು ಆಸೆ ಬಿಡ್ರಿ, ಅಲ್ಲಿ ಅಂಗಡಿ ಸಾಮಾನ ನಾವ ಕೈಯಾಗ ಹಿಡಕೊಂಡ ಬಂದ್ರ 2021ರ ಜನವರಿಯಿಂದ ವಾಪಸ್ ಇಲ್ಲ. ನಮ್ಮ ದೇಶಕ್ಕ ಬರೂ ಪರದೇಶದ ಪ್ರವಾಸಿಗಳಿಗೂ ಹಿಂಗ ಕೊಡಬೇಕಂತ 2017ರ ಐಜಿಎಸ್‌ಟಿ ಕಾಯ್ದೆಯ 15ನೇ ಕಲಮಿನಾಗ ಬರದಾರ, ಆದ್ರ ನಾವು ಬಂದ ವರ್ಷದತನಕ ಅದು ಜಾರಿ ಆಗಿರಲಿಲ್ಲ. ಬಿಲ್ಲು ನಿಮ್ಮ ಹೆಸರಿಲೆ ಇರಲಿ, ಮಕ್ಕಳ ಹೆಸರಿಲೆ ಬ್ಯಾಡ. ಸಾಮಾನು ಕೈಗೆ ಸಿಗೂವಂಗ ಬ್ಯಾಗಿನ ಮ್ಯಾಲೆ ಇಡ್ರಿ. ಮತ್ತ ಡಬ್ಬಿ ಬಿಚ್ಚಬ್ಯಾಡ್ರಿ.

ಬಿಚ್ಚಿದ್ರ ಬಿಚ್ಚಿದ್ರಿ, ಹೋಗಲಿ. ಆ ಹನ್ನೆರಡೂವರಿ ಯೂರೊ ನಾನು ರೂಪಾಯಿ ಮಾಡಿಸಿಲ್ಲ, ಹೊಲಿಗಿ ಮಷಿನ್ನಿನ ಖಾನ್ಯಾಗ ಇಟ್ಟೇನಿ. ಮುಂದಿನ ಸಲ ಮೊಮ್ಮಗಳ ನೋಡಾಕ ಹೋದಾಗ ಬೇಕಾಗತೈತಿ.

ಅತ್ತಿಯವರು ಈಗ ಕಡ್ಡಿ ನೋಡೂದ ಕಲತಾರ. ಆದ್ರೂ ಬ್ಯಾಳಿಗೆ ಇಟ್ಟಾಗೊಮ್ಮೆ "ಸೀಟಿ ಇದ್ದಿದ್ರ ಚೊಲೋ ಇತ್ತು ನೋಡ" ಅಂತಾರ.