ಲಾಸ್ಟ್ ಕ್ರಿಸ್‌ಮಸ್ ಹಾಡಿನ ಊರಲ್ಲಿ

ಸ್ವಿಟ್ಜರ್ಲೆಂಡಿನ ವಿಸ್ಪ್ ನಿಲ್ದಾಣದಲ್ಲಿ ರೈಲಿಳಿದು ಹಳದಿ ಪೋಸ್ಟ್ ಬಸ್ ಹತ್ತಿದರೆ ಕೊನೆಯ ನಿಲ್ದಾಣವೇ ಸಾಸ್ ಫೇ. ಆಗುಂಬೆ ಘಾಟಿ ಹತ್ತಿಳಿದವರಿಗೆ ತಿರುವುಗಳು ಹೊಸದಲ್ಲ, ಆದ್ರೂ ಕಿಟಕಿಯಿಂದ ಕಣಿವೆ ನೋಡಿದ್ರೆ ಎದೆ ಝಲ್ಲೆನ್ನುತ್ತೆ. 1951ರವರೆಗೆ ಈ ಊರಿಗೆ ರಸ್ತೆಯೇ ಇರಲಿಲ್ಲವಂತೆ. ಇವತ್ತಿಗೂ ಊರೊಳಗೆ ಕಾರು ಬಿಡೋದಿಲ್ಲ. ಹೊರಗೇ ನಿಲ್ಲಿಸಿ ನಡೀಬೇಕು, ಇಲ್ಲಾಂದ್ರೆ ಪುಟ್ಟ ಎಲೆಕ್ಟ್ರಿಕ್ ಗಾಡಿ ಹತ್ತಬೇಕು.

ನಾನು ಹೋಗಿದ್ದು ಒಂದು ಹಾಡಿನ ಬೆನ್ನು ಹತ್ತಿ. ಬ್ರಿಟನ್ನಿನ 'ವ್ಯಾಮ್!' ಜೋಡಿಯ 'ಲಾಸ್ಟ್ ಕ್ರಿಸ್‌ಮಸ್' ಗೊತ್ತಲ್ಲ? ಡಿಸೆಂಬರ್ ಬಂದರೆ ಬೆಂಗಳೂರಿನ ಮಾಲ್‌ಗಳಲ್ಲೂ ಕಿವಿಗೆ ಬೀಳುತ್ತೆ. ಅದರ ವಿಡಿಯೊ ತೆಗೆದದ್ದು 1984ರಲ್ಲಿ, ಇಲ್ಲೇ. ಗೆಳೆಯರು ಹಿಮದಲ್ಲಿ ಆಡೋದು, ಮರದ ಮನೆಯಲ್ಲಿ ಊಟಕ್ಕೆ ಕೂರೋದು, ಹಳೇ ಪ್ರೇಯಸಿ ಇನ್ನೊಬ್ಬನ ಪಕ್ಕದಲ್ಲಿರೋದು, ಇಷ್ಟೇ ಕಥೆ. ಬರೆದು, ವಾದ್ಯ ನುಡಿಸಿ, ಹಾಡಿದ್ದೆಲ್ಲ ಜಾರ್ಜ್ ಮೈಕೆಲ್ ಒಬ್ಬರೇ.

ಆ ವರ್ಷ ಬ್ರಿಟನ್ನಿನ ಪಟ್ಟಿಯಲ್ಲಿ ಹಾಡು ಎರಡನೇ ಸ್ಥಾನಕ್ಕೆ ನಿಂತಿತು. ಮೊದಲನೆಯದು ಇಥಿಯೋಪಿಯಾದ ಬರಗಾಲಕ್ಕೆ ಹಣ ಕೂಡಿಸಲು ಹಲವು ಗಾಯಕರು ಸೇರಿ ಹಾಡಿದ 'ಬ್ಯಾಂಡ್ ಏಡ್' ಗೀತೆ. ಅದರಲ್ಲೂ ಜಾರ್ಜ್ ದನಿಯಿತ್ತು! ತಮ್ಮ ಹಾಡಿನ ಗೌರವಧನವನ್ನೂ ವ್ಯಾಮ್ ಜೋಡಿ ಅದೇ ಬರಗಾಲಕ್ಕೆ ಕೊಟ್ಟುಬಿಟ್ಟಿತು. ಮೊದಲ ಸ್ಥಾನ ಸಿಕ್ಕಿದ್ದು 2021ರ ಜನವರಿ 1ರ ಪಟ್ಟಿಯಲ್ಲಿ, 36 ವರ್ಷದ ಮೇಲೆ. ಕ್ರಿಸ್‌ಮಸ್ ವಾರದಲ್ಲೇ ಮೊದಲ ಸ್ಥಾನ ಬೇಕಂದ್ರೆ 2023ರವರೆಗೆ ಕಾಯಬೇಕಾಯ್ತು. ಅಷ್ಟರಲ್ಲಿ ಜಾರ್ಜ್ ಇರಲಿಲ್ಲ. 2016ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನವೇ ತೀರಿಕೊಂಡಿದ್ದರು.

ಇದನ್ನು ಪವಾಡ ಅನ್ನೋರಿದ್ದಾರೆ. ಸಾಫ್ಟ್‌ವೇರಿನವನಾದ ನನಗೆ ಇದು ಎಣಿಕೆಯ ವಿಷಯ. ಮೊದಲು ಎಣಿಸ್ತಿದ್ದದ್ದು ಅಂಗಡಿಯಲ್ಲಿ ಮಾರಾಟವಾದ ರೆಕಾರ್ಡುಗಳನ್ನ. ಒಮ್ಮೆ ಕೊಂಡವರು ಮತ್ತೆ ಯಾಕೆ ಕೊಳ್ತಾರೆ? 2014ರ ಜುಲೈಯಿಂದ ಆನ್‌ಲೈನ್‌ನಲ್ಲಿ ಕೇಳಿದ್ದೂ ಲೆಕ್ಕಕ್ಕೆ ಬಂತು. ಮನೆಮನೆಯಲ್ಲಿ ಪ್ರತಿವರ್ಷ ಕೇಳುತ್ತಿದ್ದ ಹಾಡು ಆಗ ಅಂಕಿಯಲ್ಲಿ ಕಾಣಿಸಿಕೊಂಡಿತು. ನಮ್ಮಪ್ಪ ಇಂದಿಗೂ ಗುನುಗುವ ಹಳೇ ಹಾಡುಗಳನ್ನ ಬಿನಾಕಾ ಗೀತಮಾಲಾ ಎಣಿಸಿದ್ದು ಹೊಸದಾಗಿದ್ದಾಗ ಮಾತ್ರ, ಆಮೇಲೆ ಅವು ಯಾವ ಪಟ್ಟಿಗೂ ಬರಲಿಲ್ಲ. ಅಂದಮಾತ್ರಕ್ಕೆ ಅಪ್ಪ ಕೇಳೋದು ಬಿಟ್ಟರಾ?

ಊರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಹಾಡಿಗಿಂತ ಅಲ್ಲಿನ ಹಳೇ ಕಣಜಗಳು. ಬಿಸಿಲಿಗೆ ಕಪ್ಪಾದ ಮರದ ಪುಟ್ಟ ಮನೆಗಳು, ಕೆಳಗೆ ಕಂಬ, ಕಂಬದ ತಲೆ ಮೇಲೆ ಚಪ್ಪಟೆ ದುಂಡು ಕಲ್ಲು. ಇಲಿ ಹತ್ತಿಬಂದರೂ ಕಲ್ಲು ದಾಟಲಾರದು. ನಮ್ಮಜ್ಜಿ ನೋಡಿದ್ರೆ ಭೇಷ್ ಅನ್ನೋರು.

ಹೋಗೋರಿದ್ರೆ ಕೇಬಲ್ ಕಾರ್ ಹತ್ತಿ, ಆಮೇಲೆ ಬೆಟ್ಟದೊಳಗಿನ ಸುರಂಗದಲ್ಲಿ ಏರುವ ಮೆಟ್ರೊ ಆಲ್ಪಿನ್ ರೈಲಲ್ಲಿ ಮೇಲೆ ಹೋಗಿ. ಅದೂ 1984ರದ್ದೇ. 3,500 ಮೀಟರ್ ಎತ್ತರದಲ್ಲಿ ಸುತ್ತ ತಿರುಗುವ ಹೋಟೆಲ್ಲಿದೆ. ಕಾಫಿ ಬೆಲೆ ರೂಪಾಯಿಗೆ ಲೆಕ್ಕ ಹಾಕೋಕೆ ಹೋಗ್ಬೇಡಿ. ಕಿಟಕಿ ಪಕ್ಕ ಕೂತರೆ ಫೇ ಹಿಮನದಿ ಕಾಣುತ್ತೆ. ಅದು ಮಾತ್ರ ವರ್ಷದಿಂದ ವರ್ಷಕ್ಕೆ ಹಿಂದೆ ಸರೀತಾ ಇದೆ.