ಅಳದಂಗಡಿಯಲ್ಲಿ ಮಾಲ್ದೀವಿನ ವ್ಯಾಜ್ಯ

ಗುರುವಾಯನಕೆರೆಯಿಂದ ನಾರಾವಿಯ ಕಡೆಗೆ ಹೊರಟವರಿಗೆ ದಾರಿಯಲ್ಲಿ ಅಳದಂಗಡಿ ಸಿಕ್ಕುತ್ತದೆ. ವೇಣೂರನ್ನು ಆಳಿದ ಅಜಿಲ ಅರಸುಮನೆತನದ ಅರಮನೆ ಇರುವ ಊರು ಇದು. ಆ ವಂಶದ ತಿಮ್ಮಣ್ಣ ಅಜಿಲನು 1604ರಲ್ಲಿ ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದನು. ಕಾರ್ಕಳದ ಅರಸನು ಅದನ್ನು ಸಹಿಸದೆ ದಂಡೆತ್ತಿ ಬಂದಾಗ, ಮೂರ್ತಿಯನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹೂತಿಟ್ಟು ಕಾಪಾಡಿದರೆಂದು ಐತಿಹ್ಯ. ಹೊಳೆಯ ತಳದಿಂದ ಬೆಲೆಯುಳ್ಳದ್ದನ್ನು ಎತ್ತಿ ತರುವುದು ಈ ಸೀಮೆಗೆ ಹೊಸತಲ್ಲವೆಂದು ನಾನು ವಿನೋದಕ್ಕೆ ಹೇಳುವುದುಂಟು. ಆದರೆ ಘಟ್ಟದ ಮಗ್ಗುಲಿನ ಈ ಅಡಿಕೆಯ ನಾಡಿನಲ್ಲಿ ಸಮುದ್ರದ ತಳವನ್ನು ಕುರಿತ ವ್ಯಾಜ್ಯವೊಂದನ್ನು ಕೇಳುವೆನೆಂದು ಮಾತ್ರ ಎಣಿಸಿರಲಿಲ್ಲ.

ಆಟಿ ತಿಂಗಳು. ಮಳೆ ಹಿಡಿದದ್ದು ಬಿಟ್ಟಿರಲಿಲ್ಲ. ನನ್ನ ಮಿತ್ರರ ಮನೆಯ ಜಗಲಿಯಲ್ಲಿ ಕುಳಿತಿದ್ದೆವು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಒಂದು ದಿನದ ಬಿಸಿಲಾದರೂ ಬೇಕೆಂದು ಅವರು ಆಕಾಶವನ್ನು ನೋಡುತ್ತಿದ್ದರು. ಒಳಗೆ ಬೆಂಗಳೂರಿನಿಂದ ಬಂದಿದ್ದ ಮಗನೂ ಸೊಸೆಯೂ ಇದ್ದರು. ಮೇ ತಿಂಗಳಲ್ಲಿ ಮದುವೆಯಾದ ಎಳೆಯ ದಂಪತಿಗಳು. ಆದರೂ ಮನೆಯಲ್ಲಿ ನಗುವಿನ ಸದ್ದಿರಲಿಲ್ಲ.

“ಎಂತ ಮಾಡುವುದು ಮಾರಾಯರೇ,” ಎಂದು ಮಿತ್ರರು ದನಿ ತಗ್ಗಿಸಿದರು. “ಮದುವೆಯ ಉಡುಗೊರೆಯೆಂದು ನಾಲ್ಕು ಲಕ್ಷ ಕೊಟ್ಟು ಮಾಲ್ದೀವಿಗೆ ಕಳುಹಿಸಿದೆ. ಹೋಗುವಾಗ ಇಬ್ಬರೂ ಒಂದೇ ಮಾತು. ಬರುವಾಗ ಮಾತೇ ಇಲ್ಲ.”

ವಿಷಯ ಹೀಗಿತ್ತು. ಮುರ್ಡೇಶ್ವರದ ತೀರದಾಚೆ, ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ಎಂಬ ದ್ವೀಪವಿದೆ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿನಲ್ಲಿ ಮುಳುಗುವ ಸ್ಕೂಬಾ ವಿದ್ಯೆಗೆ ನಮ್ಮ ರಾಜ್ಯದಲ್ಲಿ ಅದು ಹೆಸರಾದ ಜಾಗ. ಈ ಸಾಧನವನ್ನು 1943ರಲ್ಲಿ ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾನ್ ಎಂಬಿಬ್ಬರು ರೂಪಿಸಿದರು. ಮದುವೆ ನಿಶ್ಚಯವಾದ ಮೇಲೆ ಇಬ್ಬರೂ ನೇತ್ರಾಣಿಯಲ್ಲಿ ಮುಳುಗು ಕಲಿತರು. ಮಳೆಗಾಲದಲ್ಲಿ ಅಲ್ಲಿ ಕಡಲಿಗಿಳಿಯುವಂತಿಲ್ಲ. ಆದ್ದರಿಂದ ಜೂನ್ ತಿಂಗಳಿಗೆ ಮಾಲ್ದೀವನ್ನು ಆರಿಸಿದರು. ಅಲ್ಲಿ ದೋಣಿಯೇ ಮನೆ. ಏಳು ರಾತ್ರಿ ಅದರಲ್ಲೇ ಊಟ, ಅದರಲ್ಲೇ ನಿದ್ರೆ. ದಿನಕ್ಕೊಂದು ಹವಳದ ದಿಬ್ಬದ ಬಳಿ ದೋಣಿ ನಿಲ್ಲುತ್ತದೆ, ಪ್ರವಾಸಿಗಳು ಮುಳುಗುತ್ತಾರೆ. ತಲೆಗೆ ಹದಿನೇಳು ಮುಳುಗುಗಳೆಂದು ಕರಪತ್ರದಲ್ಲಿತ್ತು. ಹೊಸ ದೋಣಿಯ ಚಿತ್ರವಿತ್ತು. ಮಂಟಾ ಎಂಬ ಭಾರಿ ತೊರಕೆ ಮೀನು ರೆಕ್ಕೆ ಬಿಚ್ಚಿ ತೇಲುವ ಚಿತ್ರವೂ ಇತ್ತು.

ಹೋಗಿ ನೋಡಿದರೆ ದೋಣಿ ಬೇರೆ, ಹಳೆಯದು. ಕೋಣೆಯಲ್ಲಿ ಡೀಸೆಲ್ಲಿನ ವಾಸನೆ. ನೀರು ಕಲಕಿ ಮಂಜು ಮುಸುಕಿದಂತಿತ್ತು. ಮಂಟಾ ಒಂದೂ ಕಾಣಲಿಲ್ಲ. ನಾಲ್ಕನೆಯ ದಿನ ಸಿಲಿಂಡರಿನ ಗಾಳಿಯಲ್ಲಿ ಎಣ್ಣೆಯ ನಾತ ಬಂದಿತು. ಸೊಸೆ ನೀರಿಗಿಳಿಯಲು ಒಪ್ಪಲಿಲ್ಲ. “ಎಲ್ಲರೂ ಇಳಿಯುತ್ತಿದ್ದಾರಲ್ಲ,” ಎಂದ ಗಂಡ ಒಂದು ಬಾರಿ ಮುಳುಗಿ, ತಲೆನೋವಿನಿಂದ ಮೇಲೆ ಬಂದನು. ಮರುದಿನ ಗಾಳಿ ತುಂಬುವ ಕಂಪ್ರೆಸರೇ ಕೆಟ್ಟು ನಿಂತು, ಮೂರು ಮುಳುಗು ಎಲ್ಲರಿಗೂ ತಪ್ಪಿದವು.

ದುಡ್ಡು ಕೇಳಿದಾಗ ಪ್ರವಾಸದ ಕಂಪೆನಿಯವರು ಬರೆದ ಉತ್ತರ ಮೂರೇ ಸಾಲು: ಸಮುದ್ರಕ್ಕೆ ನಾವು ಹೊಣೆಯಲ್ಲ, ತಾವಾಗಿ ಮುಳುಗದವರಿಗೆ ಹಣ ಮರಳಿಸುವ ಪದ್ಧತಿಯಿಲ್ಲ, ಮುಂದಿನ ಪ್ರವಾಸಕ್ಕೆ ನೂರಕ್ಕೆ ಹತ್ತು ರಿಯಾಯಿತಿ ಕೊಡುತ್ತೇವೆ. ಆ ಎರಡನೆಯ ಸಾಲೇ ಮನೆಯೊಳಗೆ ಮುಳ್ಳಾಗಿತ್ತು. “ಅಂದು ನೀನು ಇಳಿದಿದ್ದರೆ ಅವರಿಗೆ ಈ ಮಾತು ಸಿಕ್ಕುತ್ತಿರಲಿಲ್ಲ,” ಎಂದು ಮಗ ಒಮ್ಮೆ ಆಡಿಬಿಟ್ಟಿದ್ದನು.

ಮಗ ಕಂಪೆನಿಗೆ ಬರೆದ ಪತ್ರವನ್ನು ತಂದು ತೋರಿಸಿದನು. ನಾಲ್ಕು ಪುಟ, ತುಂಬ ಸಿಟ್ಟು. ಮೊದಲ ಪುಟವೆಲ್ಲ ಕಾಣದ ಮಂಟಾ ಮೀನಿನದು. ಮಿತ್ರರು ಕನ್ನಡಕ ಏರಿಸಿ ನಿಧಾನವಾಗಿ ಓದಿ ಕೆಳಗಿಟ್ಟರು.

“ಅಡಿಕೆಯ ಧಾರಣೆ ಬಿದ್ದರೆ ನಾನು ವ್ಯಾಪಾರಿಯ ಮೇಲೆ ದೂರು ಕೊಡುತ್ತೇನೆಯೇ? ಧಾರಣೆ ಅವನ ಕೈಯಲ್ಲಿಲ್ಲ. ಆದರೆ ಅವನ ತಕ್ಕಡಿಯಲ್ಲಿ ತೂಕ ಕಡಿಮೆ ಬಂದರೆ ಬಿಡುವುದಿಲ್ಲ. ನೀನು ಧಾರಣೆಗೂ ತೂಕಕ್ಕೂ ಒಟ್ಟಿಗೆ ಜಗಳ ತೆಗೆದಿದ್ದೀಯಲ್ಲ, ಅದಕ್ಕೇ ಅವರು ಧಾರಣೆಯ ಮಾತಾಡಿ ತೂಕವನ್ನು ಮುಚ್ಚಿಹಾಕಿದರು.”

ಕಾಗದದ ಮಧ್ಯೆ ಒಂದು ಗೆರೆ ಎಳೆದರು. ಒಂದು ಕಡೆ ಕಡಲು, ಇನ್ನೊಂದು ಕಡೆ ಮನುಷ್ಯ. ಮಂಟಾ ಕಡಲಿನ ಕಡೆಗೆ ಹೋಯಿತು. ಕಲಕಿದ ನೀರೂ ಅಲ್ಲಿಗೇ. ನೀರನ್ನು ಮಸುಕು ಮಾಡುವ ಸೂಕ್ಷ್ಮಜೀವಿಗಳೇ ಮಂಟಾ ಮೀನಿಗೆ ಆಹಾರ. ಎರಡು ಭಾಗ್ಯವನ್ನೂ ಒಟ್ಟಿಗೆ ಕೊಡಲು ಕಡಲು ಯಾರಿಗೂ ಮುಚ್ಚಳಿಕೆ ಬರೆದುಕೊಟ್ಟಿಲ್ಲ. ದೋಣಿ ಬದಲಾದದ್ದು, ಕಂಪ್ರೆಸರು ಕೆಟ್ಟದ್ದು, ಗಾಳಿ ಕೆಟ್ಟದ್ದು ಮನುಷ್ಯನ ಕಡೆಗೆ ಬಂದುವು.

“ಆ ಗಾಳಿಯ ಸಂಗತಿ ನೀನೇ ಹೇಳು ಮಗಳೇ,” ಎಂದು ಸೊಸೆಯನ್ನು ಕರೆದರು.

ಅವಳು ಬಾಗಿಲ ಬಳಿ ನಿಂತೇ ಹೇಳಿದಳು: “ನೇತ್ರಾಣಿಯಲ್ಲಿ ಮೊದಲು ಕಲಿಸಿದ ಪಾಠ ಅದೇ, ಮಾವ. ಗಾಳಿಗೆ ವಾಸನೆಯಾಗಲಿ ರುಚಿಯಾಗಲಿ ಇದ್ದರೆ ಮುಳುಗಬಾರದು. ಯಂತ್ರದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ತನ್ನದೇ ವಾಸನೆಯಿಲ್ಲ. ಎಣ್ಣೆಯ ನಾತವೇ ಎಚ್ಚರಿಕೆ. ಪ್ರತಿ ಹತ್ತು ಮೀಟರಿಗೆ ಒಂದೊಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಮೇಲೆ ಸ್ವಲ್ಪವೆನಿಸಿದ ವಿಷ ಕೆಳಗೆ ಸ್ವಲ್ಪವಲ್ಲ.”

ಜಗಲಿಯಲ್ಲಿ ಕೆಲವು ಕ್ಷಣ ಮಳೆಯ ಸದ್ದು ಮಾತ್ರ ಕೇಳಿಸಿತು. ಮಗನಿಗೆ ತನ್ನ ತಲೆನೋವು ನೆನಪಾಗಿರಬೇಕು, ತಲೆ ತಗ್ಗಿಸಿದನು.

“ನಾಲ್ಕು ಲಕ್ಷದಲ್ಲಿ ಬೆಲೆ ಬಾಳಿದ ದಿನವೆಂದರೆ ಇವಳು ಇಳಿಯಲಾರೆನೆಂದ ದಿನ,” ಎಂದರು ಮಿತ್ರರು. “ಅದನ್ನು ತಪ್ಪೆಂದು ಬರೆದುಕೊಟ್ಟರೆ ಹಣ ಬಂದರೂ ಬೇಡ.”

ನನಗೆ ಆಗ ಇಂಗ್ಲೆಂಡಿನ ಪ್ರಸಿದ್ಧ ಮೊಕದ್ದಮೆಯೊಂದು ನೆನಪಾಯಿತು. ಜಾರ್ವಿಸ್ ಎಂಬ ವಕೀಲರು 1969ರ ಕ್ರಿಸ್ಮಸ್ ರಜೆಗೆ ಸ್ವಾನ್ಸ್ ಟೂರ್ಸ್ ಸಂಸ್ಥೆಯ ಮೂಲಕ ಸ್ವಿಟ್ಜರ್ಲೆಂಡಿಗೆ ಹೋದರು. ಕರಪತ್ರದಲ್ಲಿ ಅತಿಥಿಗಳ ಗೋಷ್ಠಿ, ಯೋಡಲ್ ಗಾಯನದ ಸಂಜೆ ಎಂದೆಲ್ಲ ಇತ್ತು. ಎರಡನೆಯ ವಾರ ಆ ಮನೆಯಲ್ಲಿದ್ದ ಅತಿಥಿ ಅವರೊಬ್ಬರೇ! ಗಾಯಕನೋ, ಕೆಲಸದ ಬಟ್ಟೆಯಲ್ಲೇ ಬಂದು ನಾಲ್ಕಾರು ಹಾಡು ಅವಸರದಲ್ಲಿ ಹಾಡಿ ಹೊರಟುಹೋದನು. ಕೆಳಗಿನ ನ್ಯಾಯಾಲಯ ಕೊಟ್ಟ ಮೊತ್ತ ಸುಮಾರು 32 ಪೌಂಡು. 1972ರಲ್ಲಿ ಮೇಲಿನ ನ್ಯಾಯಾಲಯದ ಲಾರ್ಡ್ ಡೆನ್ನಿಂಗ್ ಮತ್ತು ಸಂಗಡಿಗರು ಅದನ್ನು 125 ಪೌಂಡಿಗೆ ಏರಿಸಿದರು. ಕೊಟ್ಟ ಹಣ ಮಾತ್ರವಲ್ಲ, ಕೈತಪ್ಪಿದ ಸಂತೋಷಕ್ಕೂ ಬೆಲೆಯುಂಟೆಂಬುದು ಆ ತೀರ್ಪಿನ ಸಾರ. ಗಮನಿಸಬೇಕಾದ ಮಾತೆಂದರೆ, ಜಾರ್ವಿಸರು ಹಿಮ ಸಾಲದೆಂದು ಗೆಲ್ಲಲಿಲ್ಲ. ಕೊಟ್ಟ ಮಾತು ನಡೆಯಲಿಲ್ಲವೆಂದು ಗೆದ್ದರು.

ನಮ್ಮಲ್ಲಿಯೂ ದಾರಿಯಿಲ್ಲದೆ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಹಣ ತೆತ್ತವರು ಮಿತ್ರರು; ಅವರಿಗೆ ಮಂಗಳೂರೇ ಸಾಕು. ತೆತ್ತ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ಅಷ್ಟೆ.

ಆ ರಾತ್ರಿ ಹೊಸ ಪತ್ರ ಸಿದ್ಧವಾಯಿತು, ಬರೆದವಳು ಸೊಸೆ. ಒಂದೇ ಪುಟ. ಮಂಟಾದ ಸುದ್ದಿಯೇ ಇಲ್ಲ. ಇಬ್ಬರಿಗೂ ಸೇರಿ ಮೂವತ್ತನಾಲ್ಕು ಮುಳುಗುಗಳಲ್ಲಿ ಅವಳಿಗೆ ಆರು, ಅವನಿಗೆ ಐದು ತಪ್ಪಿದವು. ಹೇಳಿದ ದೋಣಿ ಕೊಡಲಿಲ್ಲ. ಕೆಟ್ಟ ಗಾಳಿಯನ್ನು ನಿರಾಕರಿಸಿದ್ದು ಸ್ವಇಚ್ಛೆಯಲ್ಲ, ಎಚ್ಚರಿಕೆ. ತೆಗೆದ ಚಿತ್ರಗಳನ್ನೂ ಮುಳುಗಿನ ದಿನಚರಿಯ ಪ್ರತಿಯನ್ನೂ ಜೊತೆಗಿಟ್ಟರು.

ಬೆಳಿಗ್ಗೆ ಬಸ್ಸಿಗೆ ಹೊರಟವನು ದಾರಿಯಲ್ಲಿ ಸತ್ಯದೇವತೆಯ ದೈವಸ್ಥಾನಕ್ಕೆ ಕೈಮುಗಿದೆ. ದೈವದ ಮುಂದೆ ನಿಂತು ಇಲ್ಲದ್ದನ್ನು ಹೇಳಲು ಹೆದರುವ ಜನ ಇದು. ದೂರು ಕೊಡುವವನಿಗೂ ಆ ಹೆದರಿಕೆ ಇರಬೇಕು: ಕಡಲಿನ ತಪ್ಪನ್ನು ದೋಣಿಯವನ ತಲೆಗೆ ಕಟ್ಟಬಾರದು. ಹಾಗೆಯೇ ದೋಣಿಯವನೂ ತನ್ನ ತಪ್ಪನ್ನು ಕಡಲಿಗೆ ಎಸೆದು ಕೈತೊಳೆಯಬಾರದು. ಹೊರಡುವ ಮೊದಲೇ ದೋಣಿಯ ಹೆಸರು, ಮುಳುಗುಗಳ ಲೆಕ್ಕ, ತಪ್ಪಿದರೆ ಮರಳುವ ಹಣ, ಇವನ್ನು ಬರಹದಲ್ಲಿ ಪಡೆದರೆ ಮುಕ್ಕಾಲು ಜಗಳ ಹುಟ್ಟುವುದೇ ಇಲ್ಲ.

ದೀಪಾವಳಿಗೆ ಮಿತ್ರರ ಕಾಗದ ಬಂದಿತು. ಕಂಪೆನಿಯವರು ಮೊದಲು ಒಪ್ಪಲಿಲ್ಲವಂತೆ. ಆಯೋಗಕ್ಕೆ ಹೋಗುವೆವೆಂದು ತಿಳಿಸಿದ ಮೇಲೆ ಹನ್ನೊಂದು ಮುಳುಗುಗಳ ಹಣವನ್ನೂ ದೋಣಿಯ ವ್ಯತ್ಯಾಸದಲ್ಲಿ ಅರ್ಧವನ್ನೂ ಮರಳಿಸಿದರಂತೆ. ಕೊನೆಯಲ್ಲಿ ಬರೆದಿದ್ದರು: “ಮಕ್ಕಳು ಡಿಸೆಂಬರಿನಲ್ಲಿ ನೇತ್ರಾಣಿಗೆ ಹೋಗುತ್ತಾರೆ. ಸಿಲಿಂಡರಿನ ಗಾಳಿಯನ್ನು ಮೊದಲು ಮೂಸಿ ನೋಡುವವಳು ಸೊಸೆ ಎಂದು ಮಗನೇ ಹೇಳಿದ. ಕೊಳೆರೋಗದಿಂದ ಈ ಸಲ ಕಾಲು ಪಾಲು ಅಡಿಕೆ ಹೋಯಿತು. ಅದಕ್ಕೆ ಯಾರ ಮೇಲೂ ದೂರಿಲ್ಲ.”