ಬಿಳಿಯ ಬೆಟ್ಟದ ನೆತ್ತಿಯಲ್ಲಿ

ಪೆಸಿಫಿಕ್ ಸಾಗರದ ನಡುವಣ ಹವಾಯಿ ದ್ವೀಪದಲ್ಲಿ ಕಡಲ ತೀರದಿಂದ ಹೊರಟ ವಾಹನವು ತೆಂಗು, ಜರಿಗಿಡ, ಹುಲ್ಲುಗಾವಲುಗಳನ್ನು ಹಿಂದಿಕ್ಕಿ, ಕೆಲವೇ ಗಂಟೆಗಳಲ್ಲಿ ಹಸಿರಿನ ಸುಳಿವೂ ಇಲ್ಲದ ಬೂದಿಗುಡ್ಡಗಳ ಸೀಮೆಯನ್ನು ಹೊಗುತ್ತದೆ. ಇದೇ ಮೌನಾ ಕೇಆ. ಎಂದರೆ ಬಿಳಿಯ ಬೆಟ್ಟ. ಚಳಿಗಾಲದಲ್ಲಿ ಇದರ ನೆತ್ತಿಗೆ ಹಿಮ ಕವಿಯುತ್ತದೆ. ಎತ್ತರ 4,205 ಮೀಟರು. ಯಾತ್ರಿಕನು ಒಂದೇ ಸಮನೆ ಏರಿಬಿಡುವಂತಿಲ್ಲ. 2,800 ಮೀಟರು ಎತ್ತರದ ಹಲೆ ಪೋಹಾಕುವಿನಲ್ಲಿ ಅರ್ಧ ಗಂಟೆಯಾದರೂ ತಂಗಿ, ದೇಹವನ್ನು ತೆಳುಗಾಳಿಗೆ ಒಗ್ಗಿಸಿಕೊಳ್ಳಬೇಕು. ಶಿಖರದಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು!

ಈ ತೆಳುವಾದ, ಒಣಗಾಳಿಯೇ ಕೆಕ್ ದೂರದರ್ಶಕಗಳನ್ನು ಇಲ್ಲಿಗೆ ಕರೆತಂದಿತು. ಅವು ಅವಳಿಗಳು. ಒಂದೊಂದರ ಕನ್ನಡಿಯೂ 36 ಷಟ್ಕೋನಗಳನ್ನು ಜೋಡಿಸಿದ, 10 ಮೀಟರು ಅಗಲದ್ದು. ಅವು ಅರಸುವ ವಸ್ತುಗಳಲ್ಲೊಂದು ಗೆಲಾಕ್ಸಿಗಳನ್ನು, ಎಂದರೆ ನಮ್ಮ ಆಕಾಶಗಂಗೆಯಂತಹ ನಕ್ಷತ್ರಲೋಕಗಳನ್ನು, ಸುತ್ತುವರಿದ ಅನಿಲ. ಅದು ಎಷ್ಟು ವಿರಳವೆಂದರೆ, ಒಂದು ಘನ ಸೆಂಟಿಮೀಟರಿನಲ್ಲಿ ಒಂದು ಪರಮಾಣುವೂ ಸಿಕ್ಕದು. ಇಂತಹ ಶೂನ್ಯಪ್ರಾಯವಾದುದಕ್ಕೆ ಇಷ್ಟೊಂದು ಪರಿಶ್ರಮವೇಕೆ? ನಕ್ಷತ್ರಗಳು ಹುಟ್ಟುವುದು ಅನಿಲದಿಂದ. ಆಕಾಶಗಂಗೆಯ ಒಳಗಿರುವ ಅನಿಲ ಕೆಲವು ನೂರು ಕೋಟಿ ವರ್ಷಗಳಲ್ಲಿ ತೀರಬೇಕು. ಆದರೆ ಅದು 1,000 ಕೋಟಿ ವರ್ಷಗಳಿಗೂ ಮೀರಿ ನಕ್ಷತ್ರಗಳನ್ನು ಹೆರುತ್ತಲೇ ಇದೆ. ಕಣಜವಿರುವುದು ಮನೆಯ ಹೊರಗೆ.

ಆ ಕಣಜ ಕಣ್ಣಿಗೆ ಬೀಳುವುದಿಲ್ಲ. ಬಹುದೂರದಲ್ಲಿ ಕ್ವೇಸಾರ್ ಎಂಬ ಮಹಾಜ್ಯೋತಿ ಉರಿಯುತ್ತಿದ್ದರೆ, ದಾರಿಯಲ್ಲಿ ಸಿಕ್ಕ ಅನಿಲವು ಅದರ ಬೆಳಕಿನಿಂದ ತನ್ನ ಪಾಲಿನ ಬಣ್ಣಗಳನ್ನು ಹೀರಿಕೊಳ್ಳುತ್ತದೆ. ವರ್ಣಪಟಲದಲ್ಲಿ ಕಪ್ಪು ಗೆರೆಗಳು ಉಳಿಯುತ್ತವೆ. ಇಂತಹ ಹಲವು ಗೆರೆಗಳು ಗೆಲಾಕ್ಸಿಗಳ ಹೊರಸುತ್ತಿನ ಅನಿಲದವೆಂದು 1969ರಲ್ಲಿ ಜಾನ್ ಬಾಕಾಲ್ ಮತ್ತು ಲೈಮನ್ ಸ್ಪಿಟ್ಜರ್ ಊಹಿಸಿದರು. ಆದರೆ ಒಂದು ದೀಪದಿಂದ ತಿಳಿಯುವುದು ಒಂದೇ ಎಳೆ. ಇಡಿಯ ಬಟ್ಟೆ?

2014ರಲ್ಲಿ ಪ್ರಕಟವಾದ ಕೆಕ್ ಚಿತ್ರವೊಂದರಲ್ಲಿ ಬಟ್ಟೆಯ ತುಂಡೊಂದು ಬೆಳಗಿತು. ಬೆಳಕಿಂಡಿಯ ಬಿಸಿಲುಕೋಲಿನಲ್ಲಿ ಅಡುಗೆಮನೆಯ ಹೊಗೆ ಮೈದೋರುವಂತೆ, ಕ್ವೇಸಾರೊಂದರ ಪ್ರಭೆಯಲ್ಲಿ ಸುಮಾರು 15 ಲಕ್ಷ ಜ್ಯೋತಿರ್ವರ್ಷ ಉದ್ದದ ಜಲಜನಕದ ಹರವು ಮಿನುಗಿತ್ತು. ಅದು 1,000 ಕೋಟಿ ವರ್ಷಗಳಿಗೂ ಹಿಂದೆ ಹೊರಟ ಬೆಳಕು.

ಇನ್ನೂ ಮಂದವಾದುದನ್ನು ಕಾಣಲು ಇನ್ನೂ ದೊಡ್ಡ ಕನ್ನಡಿ ಬೇಕು. 30 ಮೀಟರಿನ ದೂರದರ್ಶಕವನ್ನು ಇದೇ ಬೆಟ್ಟದ ಮೇಲೆ ಕಟ್ಟುವ ಯೋಜನೆಗೆ 2014ರಲ್ಲಿ ಭಾರತವೂ ಪಾಲುಗೊಳ್ಳಲು ಒಪ್ಪಿತು. ನಮ್ಮ ಕಡೆಯ ಹೊಣೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದಾಯಿತು. ಆದರೆ ಹವಾಯಿಯ ಮೂಲನಿವಾಸಿಗಳಿಗೆ ಇದು ಹಿಮದೇವತೆ ಪೋಲಿಆಹುವಿನ ನೆಲೆ. ಮಕ್ಕಳ ಹೊಕ್ಕುಳಬಳ್ಳಿಯನ್ನು ಶಿಖರದ ವೈಆವು ಸರೋವರಕ್ಕೆ ಒಪ್ಪಿಸುತ್ತಿದ್ದ ಮನೆತನಗಳುಂಟು. 2019ರ ಜುಲೈನಲ್ಲಿ ಅವರು ಬೆಟ್ಟದ ರಸ್ತೆಗೆ ಅಡ್ಡಲಾಗಿ ಕುಳಿತರು. ಮೂವತ್ತಕ್ಕೂ ಹೆಚ್ಚು ಮಂದಿ ವೃದ್ಧರು ಬಂಧಿತರಾದರು. ಇದನ್ನು ಅಜ್ಞಾನದ ಹಠವೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಶಿಖರದ ದೂರದರ್ಶಕಗಳೆಲ್ಲ ಸುಮಾರು ನಾಲ್ಕು ವಾರ ಕಣ್ಣು ಮುಚ್ಚಿದವು. 2022ರ ಕಾಯಿದೆಯು ಬೆಟ್ಟದ ಆಡಳಿತಕ್ಕೆ ಹೊಸದೊಂದು ಪ್ರಾಧಿಕಾರವನ್ನು ರಚಿಸಿ, ಅದರಲ್ಲಿ ಆ ಜನರಿಗೂ ಸ್ಥಾನ ಕೊಟ್ಟಿತು.